ನಲವತ್ತೆರಡು ಮೀಟರಿನ ತಂತಿ

ಲ್ಯಾಮಿಂಗ್ಟನ್ ರೋಡಿಗೆ ತಂತಿ, ಕನೆಕ್ಟರು ಕೊಳ್ಳಲು ಹೋಗುವ ಮುಂಬಯಿಯ ಹವ್ಯಾಸಿ ರೇಡಿಯೊದವರಿಗೆ, ಅಂದರೆ ಹ್ಯಾಮ್‌ಗಳಿಗೆ ಗಿರ್ಗಾಂವ್ ದೂರವಲ್ಲ. ಅಲ್ಲಿನ ಪಾರೇಖ್ ವಾಡಿಯಲ್ಲೇ 1942ರ ನವೆಂಬರ್ 12ರ ರಾತ್ರಿ ಪೊಲೀಸರು ಒಳನುಗ್ಗಿ ಸ್ವಾತಂತ್ರ್ಯ ಹೋರಾಟದ ಗುಪ್ತ ಪ್ರಸಾರ ಕೇಂದ್ರವಾದ ಕಾಂಗ್ರೆಸ್ ರೇಡಿಯೊವನ್ನು ಹಿಡಿದದ್ದು. ಆಗ ವಂದೇ ಮಾತರಂ ಪ್ಲೇಟು ತಿರುಗುತ್ತಿತ್ತು. ಕೇಂದ್ರದ ಧ್ವನಿಯಾಗಿದ್ದ ಉಷಾ ಮೆಹ್ತಾ ಅವರಿಗೆ 22 ವರ್ಷ.

ಈ ಕಥೆ ಹೇಳುವವರೆಲ್ಲ ಆ ಧ್ವನಿಯನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಚಿಮೂರ್, ಆಷ್ಟಿಯ ದೌರ್ಜನ್ಯ, ಜಮ್‌ಶೆಡ್‌ಪುರದ ಮುಷ್ಕರ, ಪತ್ರಿಕೆಗಳು ಅಚ್ಚು ಹಾಕಲಾರದ ಇಂಥ ಸುದ್ದಿ ಹೊರಬಿದ್ದದ್ದು ಆ ಧ್ವನಿಯಿಂದ. ರಾಮಮನೋಹರ ಲೋಹಿಯಾ ಅವರ ಬೆಂಬಲವೂ ಅದಕ್ಕಿತ್ತು. ಆದರೆ ನನ್ನ ಮನಸ್ಸು ಹೋಗುವುದು ತಂತಿಯ ಕಡೆಗೆ. ಅವರ ಪ್ರಸಾರ 42.34 ಮೀಟರಿನಲ್ಲಿ, ಅಂದರೆ 7 ಮೆಗಾಹರ್ಟ್ಸ್‌ಗಿಂತ ತುಸು ಮೇಲೆ. ಇವತ್ತು ನಾವು ಮಾತಾಡುವ 40 ಮೀಟರ್ ಬ್ಯಾಂಡಿನೊಳಗೇ ಬರುವ ಜಾಗ ಅದು. ಅದಕ್ಕೆ ಸರಿಯಾದ ಡೈಪೋಲ್ ಆಂಟೆನಾ ಕಟ್ಟಬೇಕೆಂದರೆ ಸುಮಾರು 20 ಮೀಟರ್ ತಂತಿ ಬೇಕು. ಟ್ರಾನ್ಸ್‌ಮಿಟರನ್ನು ಕೋಣೆಯಲ್ಲಿ ಬಚ್ಚಿಡಬಹುದು, ಅಷ್ಟುದ್ದದ ತಂತಿಯನ್ನು ಎಲ್ಲಿ ಬಚ್ಚಿಡುವುದು?

ಆ ಯಂತ್ರ ಕಟ್ಟಿದವರು ನಾರಿಮನ್ ಪ್ರಿಂಟರ್, ಬೊಂಬಾಯಿಯ ಹ್ಯಾಮ್. 1939ರಲ್ಲಿ ಯುದ್ಧ ಶುರುವಾದೊಡನೆ ಸರ್ಕಾರ ಹವ್ಯಾಸಿಗಳು ತಮ್ಮ ಟ್ರಾನ್ಸ್‌ಮಿಟರ್‌ಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿತು. ಪ್ರಿಂಟರ್ ಸುಮ್ಮನಿರಲಿಲ್ಲ. ಆಜಾದ್ ಹಿಂದ್ ರೇಡಿಯೊ ಎಂಬ ಗುಪ್ತ ಕೇಂದ್ರ ನಡೆಸಿ ಒಮ್ಮೆ ಸಿಕ್ಕಿಬಿದ್ದೂ ಇದ್ದರು. ಕಾಂಗ್ರೆಸ್ ಸಭೆಗಳಿಗೆ ಧ್ವನಿವರ್ಧಕ ಒದಗಿಸುತ್ತಿದ್ದ ಚಿಕಾಗೊ ರೇಡಿಯೊದ ನಾನಕ್ ಮೋಟವಾನೆ ಅವರಿಂದ ಸಾಮಗ್ರಿ ಬಂತು.

ಚೌಪಾಟಿಯ ಸೀ ವ್ಯೂ, ಲಬರ್ನಮ್ ರಸ್ತೆಯ ಅಜಿತ್ ವಿಲ್ಲಾ, ಸ್ಯಾಂಡ್‌ಹರ್ಸ್ಟ್ ರಸ್ತೆಯ ಲಕ್ಷ್ಮೀ ಭವನ, ಮಹಾಲಕ್ಷ್ಮಿಯ ಪ್ಯಾರಡೈಸ್ ಬಂಗಲೆ: ದಿಕ್ಕು ಪತ್ತೆ ಹಚ್ಚುವ ಪೊಲೀಸರಿಂದ ತಪ್ಪಿಸಿಕೊಳ್ಳಲು ಕೇಂದ್ರ ಹೀಗೆ ಜಾಗ ಬದಲಿಸುತ್ತಲೇ ಹೋಯಿತು. ಮೂರು ತಿಂಗಳೂ ತುಂಬದ ಆಯುಷ್ಯದಲ್ಲಿ ಇಷ್ಟು ಮನೆ. ಅದರ ಕಷ್ಟ ಏನೆಂದು ತಂತಿ ಎಳೆದವರಿಗೇ ಗೊತ್ತು. ನಾನು ಹ್ಯಾಮ್ ಕಲಿಯುವ ಹುಡುಗರನ್ನು ಕರೆದುಕೊಂಡು ತಂತಿ ಕಟ್ಟಲು ಗೊರಾಯಿ ದಂಡೆಗೆ ಹೋದಾಗ ಯಾರ ಭಯವೂ ಇರುವುದಿಲ್ಲ, ಪರವಾನಗಿ ಜೇಬಿನಲ್ಲೇ ಇರುತ್ತದೆ. ಆದರೂ ಬಿದಿರಿನ ಕೋಲು ಮರಳಲ್ಲಿ ನಿಲ್ಲದು, ಗಾಳಿಗೆ ಹುರಿ ಸಡಿಲವಾಗುತ್ತದೆ. ತಂತಿಯನ್ನು ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚೇ ಕತ್ತರಿಸಿ, ನಡುವೆ ಪಿವಿಸಿ ಪೈಪಿನ ತುಂಡು ಕೊಟ್ಟು, ಎರಡು ತುದಿಯನ್ನೂ ಇಳಿಜಾರಾಗಿ ಕಟ್ಟುತ್ತೇವೆ. ಆಮೇಲೆ ತಂತಿಯಿಂದ ಹಿಂತಿರುಗುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ನೋಡುತ್ತ ತುದಿಗಳನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಮಡಚುತ್ತ ಬರಬೇಕು. ಮುಳ್ಳು ಇಳಿದ ಮೇಲೆ ಐದು ವಾಟಿಗೇ ಬೆಂಗಳೂರಿನವರು ಮೋರ್ಸಿನಲ್ಲಿ ಉತ್ತರ ಕೊಡುತ್ತಾರೆ. ಈ ಕೆಲಸವನ್ನೇ ಪೊಲೀಸರ ಕಣ್ಣು ತಪ್ಪಿಸಿ ಮತ್ತೆ ಮತ್ತೆ ಮಾಡಿದವರ ಹೆಸರು ಪುಸ್ತಕಗಳಲ್ಲಿ ಹಿಂದಿನ ಸಾಲಿನಲ್ಲಿದೆ.

ಕೊನೆಗೆ ಪಾರೇಖ್ ವಾಡಿಯ ಠಾವು ಪೊಲೀಸರಿಗೆ ಗೊತ್ತಾದದ್ದು ಪ್ರಿಂಟರ್ ಮೂಲಕವೇ. ಹುಡುಗರು ಇದನ್ನು ಕೇಳಿ ಕೆರಳುತ್ತಾರೆ. ಕಟ್ಟಿದ್ದೂ ಅವರೇ, ತೋರಿಸಿಕೊಟ್ಟದ್ದೂ ಅವರೇ. ಒಂದನ್ನು ಮಾತ್ರ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕೇಂದ್ರ ನಡೆಸಿದವರ ಮೇಲಿನ ಮೊಕದ್ದಮೆಯಲ್ಲಿ ಬಾಬುಭಾಯಿ ಖಾಕರ್‌ಗೆ ಐದು ವರ್ಷ, ಉಷಾ ಮೆಹ್ತಾಗೆ ನಾಲ್ಕು, ಚಂದ್ರಕಾಂತ ಝವೇರಿಗೆ ಒಂದು ವರ್ಷ ಸೆರೆವಾಸವಾಯಿತು. ಮೋಟವಾನೆ ಖುಲಾಸೆಯಾದರು. ಉಷಾ ಹೊರಬಂದದ್ದು 1946ರಲ್ಲಿ.

ಸಿಕ್ಕ ಸಾಮಾನಿನಲ್ಲೇ ಯಂತ್ರ ಕಟ್ಟುವ ಪ್ರಿಂಟರ್ ಕಾಲದ ಆ ಅಭ್ಯಾಸ ನಮ್ಮ ಹ್ಯಾಮ್‌ಗಳಲ್ಲಿ ಉಳಿಯಿತು. ಈ ಶತಮಾನದ ಆರಂಭದಲ್ಲಿ ಹೈದರಾಬಾದಿನ ಅಷ್ಹರ್ ಫರ್ಹಾನ್ ಬಿಟೆಕ್ಸ್ ಎಂಬ ಟ್ರಾನ್ಸೀವರ್ ರೂಪಿಸಿದಾಗ, ಇಲ್ಲಿ ಸುಲಭವಾಗಿ ಸಿಗದ, ಸುರುಳಿ ಸುತ್ತುವ ಟೊರಾಯ್ಡ್ ಬಳೆಗಳ ಬದಲು ನಲ್ಲಿಯ ವಾಷರಿಗೆ ತಂತಿ ಸುತ್ತಿದರೂ ಆದೀತು ಎಂದು ತೋರಿಸಿದರು. ಗೊರಾಯಿಗೆ ನಾವು ಒಯ್ಯುವ ಪೆಟ್ಟಿಗೆಗಳಲ್ಲಿ ಒಂದು ಹಾಗೆ ಕಟ್ಟಿದ್ದೇ. ಅದರ ಸುರುಳಿಗಳನ್ನು ಸುತ್ತಿದವಳು ಡೊಂಬಿವಲಿಯ ಹನ್ನೊಂದನೇ ತರಗತಿಯ ಹುಡುಗಿ. ಅವಳು ಮೊದಲ ಸಲ ಸೋಲ್ಡರಿಂಗ್ ಐರನ್ ಹಿಡಿದದ್ದೂ ಅದಕ್ಕಾಗಿಯೇ.