ಉಡುಪಿನಲ್ಲಿ ನೆಲಸಿದ ನೆರಳು: ಕಲ್ಪಿತ ಅವತಾರಗಳ ವಸ್ತ್ರಚಿತ್ರಣದ ಇತಿಹಾಸಕ್ಕೊಂದು ಟಿಪ್ಪಣಿ

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಮಹಾತ್ಮಗಾಂಧಿ ರಸ್ತೆಯು ಆರಂಭವಾಗುವ ಎಡೆಯಲ್ಲಿ, ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ವಿಗ್ರಹವೊಂದು ನಿಂತಿರುವುದನ್ನು ವಾಚಕರು ಬಲ್ಲರು. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ ಇದೇ ಗಡಿಯಾಗಿದ್ದಿತು. ಥಾಮಸ್ ಬ್ರಾಕ್ ಎಂಬ ಆಂಗ್ಲ ಶಿಲ್ಪಿಯು ಕಡೆದ ಈ ವಿಗ್ರಹವನ್ನು 1906ರಲ್ಲಿ, ಮುಂದೆ ಐದನೆಯ ಜಾರ್ಜ್ ಎನಿಸಿದ ಅಂದಿನ ಯುವರಾಜನು ಅನಾವರಣಮಾಡಿದನು. ವಿಗ್ರಹದ ರಾಜಕೀಯವು ಇಲ್ಲಿ ನಮಗೆ ಪ್ರಸ್ತುತವಲ್ಲ. ಅದರ ಉಡುಪು ಮಾತ್ರ ಪ್ರಸ್ತುತ. ಆ ನಿಲುವಂಗಿಯ ಮಡಿಕೆಗಳು ಬೆಳಗ್ಗೆ ಒಂದು ಬಗೆಯಾಗಿಯೂ ಸಂಜೆ ಬೇರೊಂದು ಬಗೆಯಾಗಿಯೂ ಕಾಣುತ್ತವೆ. ಶಿಲ್ಪಿಯು ಕಡೆದದ್ದು ಕುಳಿ ಮತ್ತು ಉಬ್ಬುಗಳನ್ನು ಮಾತ್ರ. ನೆರಳನ್ನು ಪ್ರತಿದಿನವೂ ಸೂರ್ಯನೇ ಒದಗಿಸುತ್ತಾನೆ. ಪೂರ್ವದಿಕ್ಕಿಗೆ ಸ್ವಲ್ಪ ದೂರ ಸಾಗಿ ಹಲಸೂರಿನ ಸೋಮೇಶ್ವರ ದೇವಾಲಯವನ್ನು ಹೊಕ್ಕರೆ ಅಲ್ಲಿಯ ಕಂಬಗಳ ಉಬ್ಬುಶಿಲ್ಪಗಳಲ್ಲಿಯೂ ಇದೇ ನಿಯಮವನ್ನು ಕಾಣಬಹುದು. ದೀಪವು ಚಲಿಸಿದರೆ ನೆರಳೂ ಚಲಿಸುತ್ತದೆ.

ಬಣ್ಣದಿಂದ ಬರೆದ ಬಟ್ಟೆಗೆ ಈ ಸೌಲಭ್ಯವಿಲ್ಲ. ಅಲ್ಲಿ ನೆರಳನ್ನು ಬರೆಯುವವನು ದೀಪವನ್ನೂ ತಾನೇ ನಿಶ್ಚಯಿಸಬೇಕು. ನಿಶ್ಚಯಿಸಿದ ಮೇಲೆ ಬದಲಿಸುವಂತಿಲ್ಲ. ಗಣಕಯಂತ್ರದ ಕಲ್ಪಿತ ಲೋಕಗಳಲ್ಲಿ ಸಂಚರಿಸುವ ಮಾನವಾಕೃತಿಗಳಿಗೆ, ಅಂದರೆ ‘ಅವತಾರ್’ ಎಂದು ಹೆಸರಾದ ಆಕೃತಿಗಳಿಗೆ, ಉಡುಪು ತೊಡಿಸುವವರು ಕಳೆದ ಕೆಲವು ದಶಕಗಳಲ್ಲಿ ಎದುರಿಸಿದುದೂ ಇದೇ ತೊಡಕನ್ನು. (ನಮ್ಮ ‘ಅವತಾರ’ ಶಬ್ದವು 1986ರಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯ ‘ಹ್ಯಾಬಿಟಾಟ್’ ಎಂಬ ಕಲ್ಪಿತ ಲೋಕದ ಮೂಲಕ ಈ ಅರ್ಥದಲ್ಲಿ ಬಳಕೆಗೆ ಬಂದು, ಈಗ ಇಂಗ್ಲಿಷಿನ ವೇಷದಲ್ಲಿ ನಮ್ಮಲ್ಲಿಗೇ ಮರಳಿದೆ.) ಬೆಳಕು ನೆರಳುಗಳನ್ನು ಮುಂಚಿತವಾಗಿಯೇ ಲೆಕ್ಕಹಾಕಿ ಉಡುಪಿನ ಚಿತ್ರದಲ್ಲಿ ಸೇರಿಸಿಬಿಡುವ ಕ್ರಮಕ್ಕೆ ಆ ಕಸುಬಿನವರು ‘ಬೇಕಿಂಗ್’ ಎನ್ನುತ್ತಾರೆ. ಹೆಸರು ಉಚಿತವಾಗಿಯೇ ಇದೆ. ದಂಡಿನ ಪಾಟರಿ ಟೌನಿನ ಕುಂಬಾರರನ್ನು ಕೇಳಿದರೆ, ಹಸಿಯ ಮಡಕೆಯನ್ನು ಮತ್ತೆ ಮಣ್ಣಾಗಿಸಬಹುದು, ಆವಿಗೆಯಿಂದ ಹೊರಬಂದುದನ್ನು ಆಗಿಸಲಾಗದು ಎಂದಾರು.

ಕ್ರಮವನ್ನು ಸ್ಥೂಲವಾಗಿ ವಿವರಿಸಬಹುದು. ಗಣಕಯಂತ್ರದೊಳಗಿನ ಅಂಗಿಯು ಸಣ್ಣ ತ್ರಿಕೋನಗಳ ಒಂದು ಜಾಲ. ಶಿವಾಜಿನಗರದ ದರ್ಜಿಯು ಹೊಲಿಗೆ ಬಿಚ್ಚಿ ಅಂಗಿಯನ್ನು ಮೇಜಿನ ಮೇಲೆ ತುಂಡುತುಂಡಾಗಿ ಹರಡುವಂತೆ ಈ ಜಾಲವನ್ನೂ ಬಿಡಿಸಿ ಚೌಕನಾದ ಒಂದು ಚಿತ್ರದ ಮೇಲೆ ಹರಡುತ್ತಾರೆ. ಬಣ್ಣ, ನೇಯ್ಗೆ, ಗುಂಡಿ ಎಲ್ಲವೂ ಆ ಚಿತ್ರದಲ್ಲಿಯೇ ಇರುತ್ತವೆ. ಅನಂತರ ಚಿತ್ರದ ಪ್ರತಿಯೊಂದು ಬಿಂದುವಿಗೂ ಬಟ್ಟೆಯ ಮೇಲೆ ಯಾವ ಸ್ಥಾನವೆಂಬುದನ್ನು ತಿಳಿದು, ಆ ಸ್ಥಾನದಿಂದ ಸುತ್ತಲೂ ಕಿರಣಗಳನ್ನು ಹೊರಡಿಸಿ, ಎಷ್ಟು ಕಿರಣಗಳು ಬೇರೆ ಮಡಿಕೆಗೆ ತಾಗಿ ತಡೆಯಲ್ಪಟ್ಟುವು, ಎಷ್ಟು ಬಯಲಿಗೆ ಹೋದುವು ಎಂದು ಎಣಿಸುತ್ತಾರೆ. ತಡೆ ಹೆಚ್ಚಿದ್ದಲ್ಲಿ ಕಪ್ಪು, ಕಡಮೆಯಿದ್ದಲ್ಲಿ ಬಿಳುಪು. ಈ ಎಣಿಕೆಗೆ ನಿಮಿಷಗಳೋ ಗಂಟೆಗಳೋ ಹಿಡಿಯಬಹುದು; ಆದರೆ ಆಟದ ವೇಳೆಯಲ್ಲಿ ಒಂದು ಕ್ಷಣಕ್ಕೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೆ ದೊರೆಯುವ ಅವಕಾಶ ಸುಮಾರು 16 ಮಿಲಿಸೆಕೆಂಡುಗಳು ಮಾತ್ರ. ಆದುದರಿಂದಲೇ ಮೊದಲೇ ಮಾಡಿಟ್ಟುಕೊಳ್ಳುವ ಅಡುಗೆ.

ಇಲ್ಲಿ ಎರಡು ಬಗೆಯ ನೆರಳುಗಳನ್ನು ಬೇರ್ಪಡಿಸುವುದು ಅವಶ್ಯ. ಒಂದು, ಮೇಲೆ ವಿವರಿಸಿದಂಥದು: ಮಡಿಕೆಯ ಆಳದಿಂದಲೇ ಹುಟ್ಟುವ, ಯಾವ ದೀಪವನ್ನೂ ನೆಚ್ಚದ ನೆರಳು. ಇನ್ನೊಂದು, ಇಂಥ ದಿಕ್ಕಿನಲ್ಲಿ ಇಂಥ ದೀಪವಿದೆಯೆಂದು ಭಾವಿಸಿ ಹಾಕಿದ ನೆರಳು. ಮೊದಲನೆಯದು ಬಟ್ಟೆಯ ಸ್ವತ್ತು, ಎರಡನೆಯದು ದೀಪದ ಸ್ವತ್ತು. ಈ ಕಸುಬಿನ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಚಪ್ಪಟೆ ಬಣ್ಣದಿಂದ ವಾಸ್ತವತೆಯ ಕಡೆಗೆ ಒಂದೇ ಸಮನಾದ ಏರಿಕೆಯಾಯಿತೆಂದು ಹೇಳುವುದುಂಟು. ನಮಗೆ ಅದು ಸಮ್ಮತವಲ್ಲ. ಇದು ಎರಡು ನೆರಳುಗಳು ಬೆರೆತು, ತೊಂದರೆಕೊಟ್ಟು, ಮತ್ತೆ ಬೇರ್ಪಟ್ಟ ಇತಿಹಾಸವೆಂದೇ ತೋರುತ್ತದೆ.

ಈ ವಿವೇಚನೆಯು ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ಕ್ರಿ.ಶ. 1129ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ಚಿತ್ರಪ್ರಕರಣದಲ್ಲಿ, ಬಣ್ಣ ತುಂಬುವಾಗ ಉಬ್ಬಿದ ಎಡೆಗಳನ್ನು ಉಜ್ಜ್ವಲವಾಗಿಯೂ ತಗ್ಗಿದ ಎಡೆಗಳನ್ನು ಶ್ಯಾಮಲವಾಗಿಯೂ ಮಾಡಬೇಕೆಂಬ ವಿಧಿಯಿದೆ. ಸೂರ್ಯನೆಲ್ಲಿ, ದೀಪವೆಲ್ಲಿ ಎಂಬ ಪ್ರಶ್ನೆಯನ್ನು ಆ ವಿಧಿಯು ಎತ್ತುವುದಿಲ್ಲ. ಉಬ್ಬುತಗ್ಗುಗಳೇ ಅದಕ್ಕೆ ಪ್ರಮಾಣ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಪತ್ರಜ, ಬಿಂದುಜ ಮೊದಲಾಗಿ ಹೇಳುವ ಮೂರು ಬಗೆಯ ವರ್ತನೆಗಳೂ ಆಕೃತಿಗೆ ಮೈದುಂಬಿಸುವ ಉಪಾಯಗಳೇ. ಇಂದಿನ ಕಿರಣಗಳ ಎಣಿಕೆಯನ್ನು ಹನ್ನೆರಡನೆಯ ಶತಮಾನದವರು ಬಲ್ಲವರಾಗಿದ್ದರೆಂದು ಯಾರೂ ಭ್ರಮಿಸಬೇಕಾಗಿಲ್ಲ. ತತ್ತ್ವವು ಸಮಾನವಾಗಿದೆ ಎಂಬಷ್ಟೇ ನಮ್ಮ ಮಾತು.

ಅನಂತರದ ಸಂಪ್ರದಾಯಗಳಲ್ಲಿ ವೈವಿಧ್ಯವನ್ನು ಕಾಣುತ್ತೇವೆ. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ, ವಿಜಯನಗರ ಕಾಲದ ಭಿತ್ತಿಚಿತ್ರಗಳ ಸೀರೆಗಳ ಮೇಲೆ ನೇಯ್ಗೆಯ ವಿನ್ಯಾಸವು ಬಹು ಸ್ಫುಟವಾಗಿ ಮೂಡಿದೆ. ನೆರಳಿನ ಆಸೆ ಕಡಮೆ. ಮೈಸೂರು ಶೈಲಿಯವರು ಬೇರೊಂದು ಜಾಣ್ಮೆಯನ್ನು ತೋರಿದರು: ಉಬ್ಬುಲೇಪದ ಮೇಲೆ ಚಿನ್ನದ ರೇಕು ಹೊದಿಸಿ, ಜರಿಯ ಅಂಚು ಹೊಳೆಯುವ ಕೆಲಸವನ್ನು ನೋಡುವವನ ಕೈದೀಪಕ್ಕೇ ಬಿಟ್ಟರು. ರಾಜಾ ರವಿವರ್ಮನ ತೈಲಚಿತ್ರಗಳಲ್ಲಾದರೋ ಸೀರೆಯ ನೆರಿಗೆಗಳ ಮೇಲೆ ಪಾಶ್ಚಾತ್ಯ ಕ್ರಮದಂತೆ ದಿಕ್ಕುಳ್ಳ ಬೆಳಕು ಬಿದ್ದಿತು. 1894ರಲ್ಲಿ ಅವನ ಮುದ್ರಣಾಲಯವು ಆರಂಭವಾದ ಮೇಲೆ ಆ ಬೆಳಕು ಅಚ್ಚಾಗಿ ಮನೆಮನೆಯ ದೇವರ ಗೂಡನ್ನು ಸೇರಿತು. ನಂದಾದೀಪವು ಬಲಗಡೆ ಇದ್ದರೂ ಲಕ್ಷ್ಮಿಯ ಸೆರಗಿಗೆ ಎಡದಿಂದಲೇ ಬೆಳಕು ಬಿದ್ದಿರಬಹುದು. ಗೋಡೆಯ ಮೇಲಿನ ಪಟಕ್ಕೆ ಇದು ದೋಷವಲ್ಲ. ಪಟವು ತಿರುಗುವುದಿಲ್ಲ.

ತಿರುಗುವ ಆಕೃತಿಗೆ ಚಿತ್ರವನ್ನು ಅಂಟಿಸುವ ಉಪಾಯವನ್ನು 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಎಡ್ವಿನ್ ಕ್ಯಾಟ್ಮಲ್ ತನ್ನ ಪ್ರಬಂಧದಲ್ಲಿ ನಿರೂಪಿಸಿದನು. 1978ರಲ್ಲಿ ಜೇಮ್ಸ್ ಬ್ಲಿನ್ನನು ನಿಜವಾದ ಉಬ್ಬಿಲ್ಲದೆಯೇ ಉಬ್ಬಿನ ಭ್ರಮೆಯನ್ನು ಹುಟ್ಟಿಸುವ ಮಾರ್ಗವನ್ನು ತೋರಿಸಿದನು. 1996ರ ‘ಕ್ವೇಕ್’ ಆಟದಲ್ಲಿ ಗೋಡೆಗಳ ಬೆಳಕನ್ನು ಮುಂಚಿತವಾಗಿ ಲೆಕ್ಕಮಾಡಿ ಇಡಲಾಗಿತ್ತು. ಗೋಡೆಯು ಪಟದಂತೆ ನಿಶ್ಚಲವಾದುದರಿಂದ ಅದು ಒಪ್ಪಿತು. ಉಡುಪು ಹಾಗಲ್ಲ, ಅದು ನಡೆಯುವವನ ಸಂಗಡ ನಡೆಯುತ್ತದೆ. ಇದರ ಮೇಲೆ, ಸ್ಮೃತಿಯನ್ನು ಉಳಿಸಲೆಂದು ಅನೇಕ ಆಟಗಳಲ್ಲಿ ದೇಹದ ಎಡಬಲಗಳಿಗೆ ಒಂದೇ ಅರ್ಧಚಿತ್ರವನ್ನು ಮಗುಚಿ ಬಳಸುತ್ತಿದ್ದರು. ಪಕ್ಕದಿಂದ ಬೆಳಕು ಹಾಕಿ ಚಿತ್ರಿಸಿದರೆ ಎರಡು ಪಕ್ಕಗಳಲ್ಲಿಯೂ ಸೂರ್ಯನಿದ್ದಂತಾಗುವುದು. ಆದುದರಿಂದ ಕಲಾವಿದರು ಮೇಲಿನಿಂದ ಬೀಳುವ ಬೆಳಕನ್ನೇ ಆರಿಸಿಕೊಂಡರು. ಆಕಾಶವು ಎಲ್ಲಿ ಹೋದರೂ ಮೇಲೆಯೇ ಇರುವುದರಿಂದ ಈ ಸಂಧಾನವು ಬಹುಕಾಲ ನಡೆಯಿತು. ಅವತಾರವು ಅಂಗಾತ ಮಲಗಿದಾಗ ಮಾತ್ರ ಗುಟ್ಟು ಬಯಲಾಗುತ್ತಿತ್ತು.

2003ರಲ್ಲಿ ಲಿಂಡೆನ್ ಲ್ಯಾಬ್ ಸಂಸ್ಥೆಯು ಆರಂಭಿಸಿದ ‘ಸೆಕೆಂಡ್ ಲೈಫ್’ ಎಂಬ ಲೋಕವು ನಮ್ಮ ವಿಷಯಕ್ಕೆ ಬಹು ಮುಖ್ಯವಾದ ಆಕರ. ಅಲ್ಲಿ ಉಡುಪನ್ನು ತಯಾರಿಸಿದವರು ಬಹುತೇಕ ನಿವಾಸಿಗಳೇ. ಆರಂಭದಲ್ಲಿ ಅಂಗಿಯೆಂದರೆ ಮುಖ್ಯವಾಗಿ ಮೈಮೇಲಿನ ಬಣ್ಣ: ತಲೆ, ಮೇಲ್ಮೈ, ಕೆಳಮೈ ಎಂಬ ಮೂರು ಭಾಗಗಳಿಗೆ 512 ಬಿಂದುಗಳ ಉದ್ದಗಲವುಳ್ಳ ಒಂದೊಂದು ಚಿತ್ರ. ಮಡಿಕೆಯೆಂಬುದು ಬರೆದ ನೆರಳೇ ಹೊರತು ಬೇರಲ್ಲ. ಇಂಥ ಏರ್ಪಾಡು ಮೈಗಂಟಿದ ಹೊಲಿದ ಉಡುಪಿಗೆ ಹೇಗೋ ಒಗ್ಗುತ್ತದೆ. ಹೊಲಿಗೆಯೇ ಇಲ್ಲದ, ನೆರಿಗೆ ಸೆರಗುಗಳಿಂದಲೇ ರೂಪತಾಳುವ ಸೀರೆಗೆ ಒಗ್ಗುವುದು ಕಷ್ಟ. ಅಂಗಿಗೆ ನೆರಳು ಅಲಂಕಾರ, ಸೀರೆಗೆ ಅದು ಅಸ್ತಿತ್ವ. ಅಂಥ ದೇಹದ ಮೇಲೆ ನೆರಿಗೆಯ ನೆರಳನ್ನು ತೆಗೆದರೆ ಉಳಿಯುವುದು ಬಣ್ಣಬಳಿದ ಕಾಲುಗಳು. 2008ರಲ್ಲಿ ಆ ಲೋಕದ ಆಕಾಶವು ಹೊಸದಾಯಿತು. ಉದಯಾಸ್ತಗಳ ಬಣ್ಣವು ಶ್ರೀಮಂತವಾದಂತೆಲ್ಲ ಉಡುಪಿನ ಸ್ಥಿರಬೆಳಕು ಅಷ್ಟಷ್ಟಾಗಿ ವಿರೋಧಿಸತೊಡಗಿತು. 2011ರಲ್ಲಿ ನಿಜವಾದ ಆಕಾರವುಳ್ಳ ಉಡುಪುಗಳಿಗೂ 2013ರಲ್ಲಿ ಉಬ್ಬಿನ ಚಿತ್ರಗಳಿಗೂ ಅವಕಾಶವಾಗಿ, 2023ರಲ್ಲಿ ಭೌತನಿಯಮಗಳನ್ನು ಅನುಸರಿಸುವ ವಸ್ತುವಿಧಾನವು ಬಂದಿತು.

ಈ ಕೊನೆಯ ವಿಧಾನದ ಸಾರವೇನೆಂದರೆ, ಬಟ್ಟೆಯ ನಿಜವಾದ ಬಣ್ಣ, ಒರಟುತನ, ಉಬ್ಬು, ಆಳದ ನೆರಳು ಇವೆಲ್ಲವನ್ನೂ ಬೇರೆಬೇರೆ ಚಿತ್ರಗಳಲ್ಲಿಟ್ಟು, ದೀಪವನ್ನು ಆಯಾ ಸ್ಥಳಕ್ಕೇ ಬಿಡುವುದು. ಬೇಕಿಂಗ್ ನಿಂತುಹೋಗಿಲ್ಲ, ಆಳದ ನೆರಳನ್ನು ಈಗಲೂ ಮೊದಲೇ ಲೆಕ್ಕಹಾಕುತ್ತಾರೆ. ಬಿಟ್ಟದ್ದು ದಿಕ್ಕುಳ್ಳ ಬೆಳಕನ್ನು. ಸೋಮೇಶ್ವರನ ವಿಧಿಯು ಉಳಿಯಿತು, ರವಿವರ್ಮನ ದೀಪವು ಹೋಯಿತು.

ಈ ಬದಲಾವಣೆಯು ಬೆಂಗಳೂರಿನ ಕಸುಬಿಗೂ ಸಂಬಂಧಿಸಿದುದು. 1997ರಲ್ಲಿ ರಾಜೇಶ್ ರಾವ್ ಅವರು ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶದ ಆಟಗಳಿಗೆ ಆಕೃತಿಗಳನ್ನೂ ಚಿತ್ರಗಳನ್ನೂ ಒದಗಿಸಿ ಹೆಸರಾಯಿತು. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡುಕೊಂಡವು. 2012ರಲ್ಲಿ ರಾಜ್ಯ ಸರ್ಕಾರವು ಈ ಉದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಕೃಷ್ಣರಾಜಪುರಕ್ಕೆ ಹತ್ತಿರದ ಮಹದೇವಪುರದಲ್ಲಿ 2021ರಲ್ಲಿ ತರಬೇತಿಯ ಕೇಂದ್ರವೂ ತೆರೆಯಿತು. ವಸ್ತುವನ್ನು ಇಲ್ಲಿ ಸಿದ್ಧಪಡಿಸಿ ದೃಶ್ಯವನ್ನು ಮತ್ತೊಂದು ದೇಶದಲ್ಲಿ ಜೋಡಿಸುವಾಗ, ಇಲ್ಲಿನವನಿಗೆ ಅಲ್ಲಿನ ದೀಪವು ತಿಳಿದಿರಬೇಕಾಗಿಲ್ಲ. ದೀಪರಹಿತವಾದ ಬಟ್ಟೆಯು ಅಂಥ ಶ್ರಮವಿಭಾಗಕ್ಕೆ ಅನುಕೂಲವೆಂಬುದು ಸ್ಪಷ್ಟ. ಆದರೆ ನೆರಿಗೆಯ ಮೇಲೆ ಬೆಳಕು ಹೇಗೆ ಬೀಳಬೇಕೆಂಬ ನಿರ್ಣಯವೂ ಅದರೊಡನೆ ಚಿತ್ರಕಾರನ ಕೈಯಿಂದ ಹೊರಗೆ ಹೋಯಿತೆಂಬುದನ್ನು, ಅನುಕೂಲವನ್ನು ಹೊಗಳುವವರು ಅಷ್ಟಾಗಿ ಹೇಳುವುದಿಲ್ಲ.

ವಸ್ತ್ರಗಳ ಇತಿಹಾಸವನ್ನು ಬರೆಯಹೊರಟ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಸಲ್ಲುತ್ತದೆ. ಹಳೆಯ ಉಡುಪುಚಿತ್ರಗಳು ಈಗ ಆಕರಗಳಾಗಿವೆ; ಅವುಗಳಿಂದ ಬಟ್ಟೆಯ ಬಣ್ಣವನ್ನು ನೇರವಾಗಿ ಓದಲಾಗದು. ತೊಡೆಯ ಬಳಿಯ ಕಡುಗೆಂಪು ಬಣ್ಣವೋ ನೆರಳೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಅದಕ್ಕೆ ಸುಲಭವಾದ ಒಂದು ಪರೀಕ್ಷೆಯುಂಟು: ಕಪ್ಪು ಮಡಿಕೆಯ ಎರಡು ಬದಿಗಳೂ ಸಮನಾಗಿ ಮಬ್ಬಾಗಿದ್ದರೆ ಅದು ಆಳದ ನೆರಳು, ಒಂದು ಬದಿ ಬೆಳಗಿ ಇನ್ನೊಂದು ಬದಿ ಕಪ್ಪಾಗಿದ್ದರೆ ಅಲ್ಲೊಂದು ದೀಪವಿದ್ದಿತು, ಅದು ಯಾವ ದಿಕ್ಕಿನಲ್ಲಿದ್ದಿತೆಂಬುದನ್ನೂ ಆ ಬೆಳಗಿದ ಬದಿಯೇ ಹೇಳುತ್ತದೆ.