ಕೆಟ್ಟಿದ್ದು ಬೀರಲ್ಲ, ಹೆಪ್ಪು

ಎರಡು ದಿನ ಸತತವಾಗಿ ಮೊಸರು ಲೋಳೆಯಾದರೆ ನಮ್ಮ ಅಜ್ಜಿಯಂದಿರು ಹಾಲನ್ನು ಬೈಯುವುದಿಲ್ಲ. "ಹೆಪ್ಪು ಕೆಟ್ಟದೆ, ಪಕ್ಕದ ಮನೆಯಿಂದ ಒಂದು ಚಮಚ ಇಸ್ಕೊಂಡು ಬಾ" ಅನ್ನುತ್ತಾರೆ. ಯುರೋಪಿನ ಬೀರ್ ತಯಾರಕರಿಗೆ ಈ ಮಾತಿನ ಒಳಗುಟ್ಟು ಪೂರ್ತಿ ತಿಳಿದದ್ದು 1883ರಲ್ಲಿ.

ಬೀರಿಗೂ ಹೆಪ್ಪು ಉಂಟು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ರಸ ಬರುತ್ತದೆ. ಅದನ್ನು ಹಾಪ್ಸ್ ಎಂಬ ಕಹಿ ಹೂವಿನ ಜೊತೆ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಗ್ಯಾಸನ್ನೂ ಬಿಡುತ್ತದೆ. ಕೆಲಸ ಮುಗಿದ ಮೇಲೆ ಆ ಯೀಸ್ಟನ್ನೇ ಎತ್ತಿಟ್ಟುಕೊಂಡು ಮುಂದಿನ ಸಲಕ್ಕೆ ಬಳಸುತ್ತಾರೆ.

ಮನೆಯ ಮಡಕೆಯಾಗಲಿ, ಕಾರ್ಖಾನೆಯ ತೊಟ್ಟಿಯಾಗಲಿ, ಬೀರ್ ಹುಳಿಯಾದರೆ ಹಿಂದೆ ಬೈಗುಳ ತಿನ್ನುತ್ತಿದ್ದದ್ದು ಹವಾಮಾನ. ಸೆಕೆಯಲ್ಲಿ ಹೆಚ್ಚು ಕೆಡುತ್ತಿದ್ದದ್ದು ನಿಜವೇ. ಜರ್ಮನಿಯ ಬವೇರಿಯಾದಲ್ಲಿ 1553ರಲ್ಲಿ ಬೇಸಿಗೆಯಲ್ಲಿ ಬೀರ್ ಮಾಡುವುದನ್ನೇ ನಿಷೇಧಿಸಿದರು. ಆದರೆ ಕೆಡಿಸುವುದು ಏನೆಂದು ಯಾರಿಗೂ ಕಂಡಿರಲಿಲ್ಲ.

1856ರಲ್ಲಿ ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಬಿಗೋ ಎಂಬ ಉದ್ಯಮಿ ಬೀಟ್‌ರೂಟ್‌ನಿಂದ ಮದ್ಯಸಾರ ತೆಗೆಯುತ್ತಿದ್ದ. ತೊಟ್ಟಿಗಳು ಹುಳಿಯಾಗತೊಡಗಿದವು. ಮಗನಿಗೆ ಪಾಠ ಹೇಳುತ್ತಿದ್ದ ಲೂಯಿ ಪಾಶ್ಚರ್ ಅವರ ಬಳಿ ಹೋದ. ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದರು. ಒಳ್ಳೆಯ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್ ಕಣಗಳು, ಕೆಟ್ಟದ್ದರಲ್ಲಿ ಅವುಗಳ ಜೊತೆ ಕಡ್ಡಿಯಂಥ ಸಣ್ಣ ಜೀವಿಗಳು. ಹುಳಿ ಮಾಡುತ್ತಿದ್ದದ್ದು ಆ ಕಡ್ಡಿಗಳು.

1871ರಲ್ಲಿ ಪಾಶ್ಚರ್ ಲಂಡನ್ನಿನ ವಿಟ್‌ಬ್ರೆಡ್ ಬೀರ್ ಕಾರ್ಖಾನೆಗೆ ಹೋದರು. ಅಲ್ಲಿನ ಯೀಸ್ಟಿನ ಒಂದು ಹನಿ ನೋಡಿ, ಇದು ಸರಿಯಿಲ್ಲ ಅಂದರು. ಆಗ ಅಲ್ಲಿಯವರು ಒಪ್ಪಿಕೊಂಡರು: ಅದೇ ಬೆಳಿಗ್ಗೆ ಬೇರೆ ಕಾರ್ಖಾನೆಯಿಂದ ಹೊಸ ಯೀಸ್ಟ್ ಕೇಳಿ ಕಳಿಸಿದ್ದರು! ನಮ್ಮ ಅಜ್ಜಿಯ ಪಕ್ಕದ ಮನೆ ಉಪಾಯವೇ. ಒಂದು ವಾರ ಬಿಟ್ಟು ಪಾಶ್ಚರ್ ಮತ್ತೆ ಹೋದಾಗ ಅವರು ಸೂಕ್ಷ್ಮದರ್ಶಕ ಕೊಂಡಿದ್ದರು.

ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಜೆ.ಸಿ. ಯಾಕೊಬ್ಸನ್ ಅವರ ಕಾರ್ಲ್ಸ್‌ಬರ್ಗ್ ಕಾರ್ಖಾನೆಯಿತ್ತು. 1845ರಲ್ಲಿ ಅವರು ಮ್ಯೂನಿಕ್‌ನಿಂದ ಕುದುರೆ ಗಾಡಿಯಲ್ಲಿ ಯೀಸ್ಟ್ ತಂದಿದ್ದರು. ಅದು ಸಾಯದಂತೆ ದಾರಿಯುದ್ದಕ್ಕೂ ಡಬ್ಬಿಗೆ ತಣ್ಣೀರು ಸುರಿದುಕೊಂಡು ಬಂದರಂತೆ. ಅಷ್ಟು ಜೋಪಾನ ಮಾಡಿದ ಯೀಸ್ಟು. 1883ರಲ್ಲಿ ಅಲ್ಲಿಯೂ ಬೀರ್ ಕೆಟ್ಟು ಕಹಿ ರುಚಿ, ಕೆಟ್ಟ ವಾಸನೆ ಬಂತು.

ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಆ ಯೀಸ್ಟನ್ನು ಪರೀಕ್ಷಿಸಿದರು. ಕಳ್ಳ ಈ ಸಲ ಕಡ್ಡಿಯ ಆಕಾರದಲ್ಲಿರಲಿಲ್ಲ. ಅವನೂ ಯೀಸ್ಟೇ! ಗಾಳಿಯಲ್ಲಿ ತೇಲಿಬಂದ ಕಾಡು ಯೀಸ್ಟ್ ಸಾಕಿದ ಯೀಸ್ಟಿನ ಜೊತೆ ಸೇರಿಕೊಂಡಿತ್ತು. ಭತ್ತದ ಬೀಜದಲ್ಲಿ ಕಾಡುಭತ್ತ ಬೆರೆತ ಹಾಗೆ, ಕಣ್ಣಿಗೆ ಎರಡೂ ಒಂದೇ. ಹ್ಯಾನ್ಸನ್ ಯೀಸ್ಟನ್ನು ನೀರಿನಲ್ಲಿ ತೆಳುವಾಗಿಸುತ್ತಾ ಹೋಗಿ, ಒಂದೇ ಒಂದು ಕಣವನ್ನು ಬೇರ್ಪಡಿಸಿ, ಅದರಿಂದಲೇ ಇಡೀ ಹೆಪ್ಪನ್ನು ಬೆಳೆಸಿದರು. 1883ರ ನವೆಂಬರ್‌ನಲ್ಲಿ ಆ ಶುದ್ಧ ಯೀಸ್ಟಿನಿಂದ ಬೀರ್ ಮಾಡಿದರು. ಕೆಡಲಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಸಂಗತಿ. ಈ ಗುಟ್ಟನ್ನು ಬಚ್ಚಿಟ್ಟಿದ್ದರೆ ಯಾಕೊಬ್ಸನ್ ಎದುರಾಳಿಗಳನ್ನೆಲ್ಲ ಮುಳುಗಿಸಬಹುದಿತ್ತು. ಆದರೆ ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಮುಚ್ಚಿಡಬಾರದು ಎಂಬುದು ಅವರೇ ಮಾಡಿದ ನಿಯಮ. ಯೀಸ್ಟನ್ನೂ ವಿಧಾನವನ್ನೂ ಬೇರೆ ಕಾರ್ಖಾನೆಗಳಿಗೆ ಕೊಟ್ಟರು.

ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬೀರ್ ಮಾಡುವಂತಿಲ್ಲ. ಆದರೆ ಪಾಠ ಮೊಸರಿಗೂ ಒಂದೇ. ಕೆಟ್ಟದ್ದನ್ನು ಚೆಲ್ಲಿ, ಅದೇ ಪಾತ್ರೆಗೆ ಅದೇ ಹೆಪ್ಪು ಹಾಕಿದರೆ ನಾಳೆಯೂ ಕೆಡುತ್ತದೆ. ಪಾತ್ರೆಯನ್ನು ತಿಕ್ಕಿ ತೊಳೆದು ಕುದಿಯುವ ನೀರು ಹುಯ್ಯಿರಿ, ಹೆಪ್ಪು ಬದಲಿಸಿ. ಪಕ್ಕದ ಮನೆಯವರು ಒಂದು ಚಮಚ ಕೇಳಿ ಬಂದರೆ ಇಲ್ಲ ಅನ್ನಬೇಡಿ.