ಐದು ಮೆಗಾಬೈಟ್‌ನ ಸಾಕ್ಷ್ಯ

ದೂರದ ಯಾವುದೋ ನೆಲದಡಿಯಲ್ಲಿ ಅಣುಬಾಂಬ್ ಸಿಡಿದರೆ ಅದರ ನಡುಕವನ್ನು ಹಿಡಿಯಲೆಂದೇ ಗೌರಿಬಿದನೂರಿನ ಭೂಕಂಪಮಾಪಕ ಕೇಂದ್ರ ಹುಟ್ಟಿದ್ದು, 1965ರಲ್ಲಿ. ನಡೆಸುವುದು ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಅದರ ಚರಿತ್ರೆ ಓದುತ್ತಿದ್ದವನು ಅದೇ ಸಂಸ್ಥೆಯ ಇನ್ನೊಂದು ಪ್ರಕರಣದಲ್ಲಿ ಸಿಕ್ಕಿಕೊಂಡೆ. ಪೋಖ್ರಾನ್ ಅಣುಪರೀಕ್ಷೆ ನಡೆದು ಮೂರೇ ವಾರ. 1998ರ ಜೂನ್ 3ರಂದು 'ಮಿಲ್‌ವರ್ಮ್' ಎಂಬ ಹದಿಹರೆಯದವರ ಗುಂಪು ಸಂಸ್ಥೆಯ ಕಂಪ್ಯೂಟರುಗಳಿಗೆ ನುಗ್ಗಿತ್ತು.

ಅಂದಿನ ವರದಿಗಳಲ್ಲಿ ಎರಡು ಕಥೆಗಳಿವೆ. ಸಾವಿರಾರು ಪುಟ ಇಮೇಲ್ ಮತ್ತು ದಾಖಲೆ ತೆಗೆದುಕೊಂಡೆವು, ಎರಡು ಸರ್ವರ್‌ಗಳನ್ನು ಅಳಿಸಿದೆವು ಎಂದರು ಹ್ಯಾಕರ್‌ಗಳು. ಆ ಇಮೇಲ್‌ಗಳಲ್ಲಿ ಗೋಪ್ಯವಾದದ್ದಿರಲಿಲ್ಲ, ಏನೂ ಅಳಿದಿಲ್ಲ, ಮುಖ್ಯ ಕಂಪ್ಯೂಟರುಗಳು ಪ್ರತ್ಯೇಕವಾಗಿವೆ ಎಂದಿತು ಸಂಸ್ಥೆ.

ಹುಡುಗರ ಬಡಾಯಿ ಎಂದೇ ಮೊದಲು ಅಂದುಕೊಂಡೆ. ಕದ್ದದ್ದು ಬರೀ 5 ಮೆಗಾಬೈಟ್ ಎಂದೂ ಅವರೇ ಹೇಳಿದ್ದರು; ಅದರಲ್ಲಿ ಸಾವಿರಾರು ಪುಟ ಎಲ್ಲಿಂದ? ಲೆಕ್ಕಕ್ಕೆ ಕೂತೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಪುಟಕ್ಕೆ ಸುಮಾರು 2,000 ಅಕ್ಷರ. ಬಂದದ್ದು 2,500 ಪುಟ! ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಎರಡೂ ಅಂಕಿಗಳು ಒಂದೇ ಬಾಯಿಂದ ಬಂದವು. ಮಾತಿಗೆ ಮಾತು ಹೊಂದಿದೆ, ಅಷ್ಟೇ.

ದಾರಿ ಸಿಕ್ಕಿದ್ದು ಗೌರಿಬಿದನೂರಿನಿಂದಲೇ. ಅಲ್ಲಿ 20 ಮಾಪಕಗಳನ್ನು 'ಎಲ್' ಆಕಾರದಲ್ಲಿ ಹೂಳಿದ್ದಾರೆ. ಪಕ್ಕದಲ್ಲಿ ಟ್ರ್ಯಾಕ್ಟರ್ ಹೋದರೆ ಒಂದು ನಡುಗಬಹುದು. ದೂರದ ಸ್ಫೋಟವಾದರೆ ಅಲೆ ಒಂದಾದ ಮೇಲೊಂದು ಎಲ್ಲವನ್ನೂ ತಾಕುತ್ತದೆ, ಆ ಕ್ಷಣಗಳ ಅಂತರವೇ ದಿಕ್ಕನ್ನು ಹೇಳುತ್ತದೆ. ಹಾಗೆಯೇ ಹೇಳಿಕೆಗಳನ್ನೂ ಜರಡಿ ಹಿಡಿದೆ. ನುಗ್ಗಿದ್ದನ್ನು, ಇಮೇಲ್ ಹೋದದ್ದನ್ನು ಎರಡೂ ಕಡೆಯವರು ಒಪ್ಪುತ್ತಾರೆ, ಅವು ನಿಂತವು. ಸರ್ವರ್ ಅಳಿಸಿದ ಮಾತಿಗೆ ಮಾತ್ರ ಎರಡೂ ಕಡೆ ಒಂದೊಂದೇ ಸಾಕ್ಷಿ.

ನಡೆದದ್ದನ್ನೆಲ್ಲ ಯಂತ್ರವೇ ಬರೆದಿಡುವ ಲಾಗ್ ನೋಡಿದರೆ ತೀರ್ಮಾನವಾಗದೇ? ಆಗದು. 'ರೂಟ್' ಅಧಿಕಾರ, ಅಂದರೆ ಯಂತ್ರದ ಪೂರ್ಣ ಹಿಡಿತ, ದಕ್ಕಿದೆ ಎಂಬುದು ಹ್ಯಾಕರ್‌ಗಳ ಮಾತು. ಅದು ನಿಜವಾದರೆ ಆ ಯಂತ್ರದ ಲಾಗನ್ನೂ ಅವರು ತಿದ್ದಬಲ್ಲರು. ಲಾಗಿನ ಪ್ರತಿ ಆ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗಿದ್ದರೆ ಮಾತ್ರ ಅದು ಸ್ವತಂತ್ರ ಸಾಕ್ಷಿ, ಇನ್ನೊಂದು ಮಾಪಕ.

1998ರಲ್ಲಿ ಇಂಥದ್ದಕ್ಕೆ ನಿಯಮವಿರಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಇರಲಿಲ್ಲ. ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ ಕೆಲಸ ಶುರುಮಾಡಿದ್ದು 2004ರಲ್ಲಿ. ಲಾಗ್‌ಗಳನ್ನು 180 ದಿನ ಇಡಬೇಕು, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು ಎಂಬ ಅದರ ನಿರ್ದೇಶನ 2022ರ ಏಪ್ರಿಲ್‌ನದು. ಇಂದು ಅಂಥ ದಾಳಿಗೆ ಗುರಿಯಾಗಬಹುದಾದ, ರಕ್ಷಣಾ ಉದ್ಯಮಗಳಾದ ಎಚ್‌ಎಎಲ್‌ಗೋ ಬಿಇಎಲ್‌ಗೋ ಬಿಡಿಭಾಗ ಮಾಡಿಕೊಡುವ ಸಣ್ಣ ಕಾರ್ಖಾನೆಗಳ ಬಗ್ಗೆ ಈಗ ನಾನು ಕೇಳುವುದು ಒಂದನ್ನೇ: ಆ 180 ದಿನಗಳ ಲಾಗ್ ಇರುವುದು ಯಾವ ಯಂತ್ರದಲ್ಲಿ? ಬಿಡಿಭಾಗಗಳ ನಕ್ಷೆಗಳಿರುವ ಯಂತ್ರದಲ್ಲೇ ಏನು?